ಹೊಸಬರ ಮೊದಲ ಸೇನೆ: ವಾರ್‌ಹ್ಯಾಮರ್ ಆಟದ ಆರಂಭಿಕ ಪಡೆಗಳ ಇತಿಹಾಸ

ವಾರ್‌ಹ್ಯಾಮರ್ ಇಂಗ್ಲೆಂಡಿನಲ್ಲಿ ಹುಟ್ಟಿದ ಮೇಜಿನ ಮೇಲಿನ ಯುದ್ಧದಾಟ. ಬೆರಳುದ್ದದ ಗೊಂಬೆಗಳನ್ನು ಅಂಟಿಸಿ, ಬಣ್ಣ ಬಳಿದು, ಸಾಲುಗಟ್ಟಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದೆ ಸರಿಸುತ್ತಾರೆ. ಹೊಡೆತ ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. ಎಲ್ಫ್, ಡ್ವಾರ್ಫ್, ಓರ್ಕ್, ಇಲಿಮೋರೆಯ ಸ್ಕೇವನ್, ಸತ್ತು ಎದ್ದ ಅಸ್ಥಿಪಂಜರಗಳು ಹೀಗೆ ಹತ್ತಾರು ಸೇನೆಗಳಿವೆ. ಹೊಸಬರು ಯಾವುದರಿಂದ ಶುರುಮಾಡಬೇಕು ಎಂಬ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಉತ್ತರ ಹಲವು ಸಲ ಬದಲಾಗಿದೆ. ಆ ಬದಲಾವಣೆಯಲ್ಲಿ ಆಟದ ನಿಯಮಗಳ ಪಾಲು ಎಷ್ಟಿದೆಯೋ ಗೊಂಬೆ ತಯಾರಿಸುವ ಅಚ್ಚಿನ ಪಾಲೂ ಅಷ್ಟೇ ಇದೆ.

ಗೊಂಬೆ ಸೈನಿಕರಿಗೆ ನಿಯಮ ಬರೆಯುವ ಹವ್ಯಾಸ ಹಳೆಯದು. ಎಚ್. ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದಿದ್ದರು. ಅಮೆರಿಕದಲ್ಲಿ 1971ರಲ್ಲಿ ಬಂದ 'ಚೈನ್‌ಮೇಲ್' ಮಧ್ಯಯುಗದ ಕಾಳಗದ ನಿಯಮಗಳಿಗೆ ಮಾಂತ್ರಿಕರನ್ನೂ ಡ್ರ್ಯಾಗನ್‌ಗಳನ್ನೂ ಸೇರಿಸಿತು. ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಬೆಂಬಲದಿಂದ 1979ರಲ್ಲಿ ಶುರುವಾದ ಸಿಟಾಡೆಲ್ ಮಿನಿಯೇಚರ್ಸ್ ಲೋಹದ ಗೊಂಬೆ ಎರಕ ಹೊಯ್ಯುತ್ತಿತ್ತು. ಬ್ರಯನ್ ಅನ್ಸೆಲ್, ರಿಚರ್ಡ್ ಹ್ಯಾಲಿವೆಲ್, ರಿಕ್ ಪ್ರೀಸ್ಟ್ಲಿ ಸೇರಿ ಬರೆದ 'ವಾರ್‌ಹ್ಯಾಮರ್' 1983ರಲ್ಲಿ ಹೊರಬಂತು. ಆಗ ಹೊಸಬರ ಸೇನೆ ಎಂಬ ಕಲ್ಪನೆಯೇ ಇರಲಿಲ್ಲ. ಕೈಯಲ್ಲಿ ಯಾವ ಗೊಂಬೆಗಳಿದ್ದವೋ ಅವೇ ಸೇನೆ.

ತಿರುವು ಬಂದದ್ದು 1992ರ ನಾಲ್ಕನೇ ಆವೃತ್ತಿಯಲ್ಲಿ. ನಿಯಮ ಪುಸ್ತಕ, ದಾಳಗಳ ಜೊತೆ ಎರಡು ಪ್ಲಾಸ್ಟಿಕ್ ಸೇನೆಗಳೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕವು: ಒಂದು ಕಡೆ ಹೈ ಎಲ್ಫ್, ಇನ್ನೊಂದು ಕಡೆ ಗಾಬ್ಲಿನ್. ಪ್ಲಾಸ್ಟಿಕ್ ಗೊಂಬೆಗೆ ಬೇಕಾದ ಉಕ್ಕಿನ ಅಚ್ಚು ಬಲು ದುಬಾರಿ. ಆದರೆ ಒಮ್ಮೆ ಕೊರೆದಾದ ಮೇಲೆ ಸಾವಿರಾರು ಪ್ರತಿಗಳನ್ನು ಅಗ್ಗವಾಗಿ ತೆಗೆಯಬಹುದು. ಹಾಗಾಗಿಯೇ ಎಲ್ಲ ಎಲ್ಫ್ ಬಿಲ್ಲುಗಾರರೂ ಒಂದೇ ಭಂಗಿಯಲ್ಲಿ ನಿಂತಿದ್ದರು. ನೋಟಕ್ಕೆ ಬಡವಾಗಿದ್ದರೂ ಆ ಪೆಟ್ಟಿಗೆ ದೊಡ್ಡ ಕೆಲಸ ಮಾಡಿತು. ಸೇನೆ ಕಟ್ಟಲು ಅಂಗಡಿಯಲ್ಲಿ ಒಂದೊಂದೇ ಲೋಹದ ಗೊಂಬೆ ಆರಿಸುತ್ತ ಕೂರಬೇಕಾದ ಗೋಜು ಮೊದಲ ದಿನವೇ ತಪ್ಪಿತು. ಪ್ರತಿ ಸೇನೆಗೂ ಪ್ರತ್ಯೇಕ ಪುಸ್ತಕ ಬರತೊಡಗಿದ್ದೂ ಈ ಆವೃತ್ತಿಯಿಂದಲೇ.

ಅಲ್ಲಿಂದ ಮುಂದೆ ಪ್ರತಿ ಪೆಟ್ಟಿಗೆಯೂ ಹೊಸಬರಿಗೆ ಇಂಥ ಸೇನೆ ಒಳ್ಳೆಯದು ಎಂಬ ಅಘೋಷಿತ ಶಿಫಾರಸಾಯಿತು. 1996ರಲ್ಲಿ ಬ್ರೆಟೊನಿಯದ ಕುದುರೆ ಸವಾರರಿಗೆ ಎದುರಾಗಿ ಲಿಜರ್ಡ್‌ಮೆನ್, 2000ದಲ್ಲಿ ಎಂಪೈರ್ ಮತ್ತು ಓರ್ಕ್, 2006ರ 'ಬ್ಯಾಟಲ್ ಫಾರ್ ಸ್ಕಲ್ ಪಾಸ್' ಪೆಟ್ಟಿಗೆಯಲ್ಲಿ ಡ್ವಾರ್ಫ್ ಮತ್ತು ನೈಟ್ ಗಾಬ್ಲಿನ್, 2010ರ 'ಐಲ್ಯಾಂಡ್ ಆಫ್ ಬ್ಲಡ್' ಪೆಟ್ಟಿಗೆಯಲ್ಲಿ ಹೈ ಎಲ್ಫ್ ಮತ್ತು ಸ್ಕೇವನ್.

ಇವುಗಳಲ್ಲಿ 2006ರ ಜೋಡಿ ವಿಶೇಷ ಗಮನಕ್ಕೆ ಅರ್ಹ. ಒಂದೇ ಪೆಟ್ಟಿಗೆಯ ಎರಡು ಸೇನೆಗಳು ಕಲಿಯುವವರನ್ನು ಎಷ್ಟು ಬೇರೆ ಬೇರೆ ರೀತಿ ನಡೆಸಿಕೊಳ್ಳಬಲ್ಲವು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡ್ವಾರ್ಫ್ ಯೋಧರ ನಾಯಕತ್ವದ ಅಂಕ 9. ಪಡೆ ಬೆದರಿದಾಗ ಎರಡು ದಾಳ ಹಾಕಿ ಮೊತ್ತ ಆ ಅಂಕವನ್ನು ಮೀರದಿದ್ದರೆ ಸಾಕು, ಪಡೆ ನಿಲ್ಲುತ್ತದೆ. ದಾಳಗಳು ಬೀಳಬಹುದಾದ 36 ಬಗೆಗಳಲ್ಲಿ 30 ಡ್ವಾರ್ಫ್‌ಗಳ ಪರ. ನೈಟ್ ಗಾಬ್ಲಿನ್‌ಗಳ ಅಂಕ 5. ಅವುಗಳ ಪರ ಇರುವುದು 10 ಬಗೆಗಳಷ್ಟೇ. ಸಾಲದ್ದಕ್ಕೆ ಗಾಬ್ಲಿನ್ ಪಡೆಗಳು ಒಮ್ಮೊಮ್ಮೆ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದು ಆಜ್ಞೆ ಮರೆಯುತ್ತವೆ. ಡ್ವಾರ್ಫ್‌ಗಳಲ್ಲಿ ಮಾಂತ್ರಿಕರಿಲ್ಲ, ಅಶ್ವದಳವಿಲ್ಲ. ನಡಿಗೆ ಮೂರೇ ಇಂಚು. ಅಂದರೆ ಕಲಿಯಬೇಕಾದ ನಿಯಮಗಳೂ ಕಡಿಮೆ. ತಪ್ಪು ಮಾಡಿದರೂ ಸೇನೆ ನಿಂತು ಕಾದಾಡುತ್ತದೆ. ಆದರೂ ಇಲ್ಲೊಂದು ಕೊರತೆಯಿದೆ: ಡ್ವಾರ್ಫ್‌ಗಳಿಂದ ಕಲಿತವರಿಗೆ ಸೇನೆಯನ್ನು ಚುರುಕಾಗಿ ಸುತ್ತಿಸಿ ಪಕ್ಕದಿಂದ ಎರಗುವ ವಿದ್ಯೆ ತಡವಾಗಿ ಒಲಿಯುತ್ತದೆ. ಈ ಆಟದ ಅತ್ಯಂತ ಸೊಗಸಾದ ಭಾಗ ಅದೇ.

ಅಸ್ಥಿಪಂಜರಗಳ ಸೇನೆಯೂ ಹೊಸಬರಿಗೆ ಸುಲಭವೆಂದು ಹೆಸರಾಗಿತ್ತು. ಅವು ಹೆದರಿ ಓಡುವುದಿಲ್ಲ, ಎದುರಾಳಿಯನ್ನೇ ಹೆದರಿಸುತ್ತವೆ. ಮೂಳೆಗೆ ಬಣ್ಣ ಬಳಿಯುವುದೂ ಸುಲಭ. ಆದರೆ ಸೇನಾಪತಿ ಸತ್ತನೆಂದರೆ ಇಡೀ ಸೇನೆ ಉದುರತೊಡಗುತ್ತದೆ. ಅವನನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಕ್ಕೇ ಹಲವು ಆಟ ಸೋಲಬೇಕಾಗುತ್ತದೆ.

ನಿಯಮಕ್ಕಿಂತ ದೊಡ್ಡ ಅಡ್ಡಿ ಬಣ್ಣದ ಕೆಲಸ. ಗಾಬ್ಲಿನ್ ಅಥವಾ ಸ್ಕೇವನ್ ಸೇನೆಗೆ ನೂರಕ್ಕೂ ಹೆಚ್ಚು ಗೊಂಬೆ ಬೇಕಾಗುವುದು ಸಾಮಾನ್ಯ. ಒಂದೊಂದಕ್ಕೂ ಕುಂಚ ಹಿಡಿಯಬೇಕು. ಉತ್ಸಾಹದಿಂದ ಕೊಂಡ ಎಷ್ಟೋ ಸೇನೆಗಳು ಬೂದು ಪ್ಲಾಸ್ಟಿಕ್ ಆಗಿಯೇ ಉಳಿದುಬಿಡುತ್ತವೆ. ಕಂಪನಿಯ 'ವೈಟ್ ಡ್ವಾರ್ಫ್' ಪತ್ರಿಕೆ 1990ರ ದಶಕದ ಕೊನೆಯಲ್ಲಿ 'ಎ ಟೇಲ್ ಆಫ್ ಫೋರ್ ಗೇಮರ್ಸ್' ಸರಣಿ ಪ್ರಕಟಿಸಿತು. ತಿಂಗಳಿಗೆ ಇಷ್ಟೇ ಹಣ ಎಂಬ ಮಿತಿಯಲ್ಲಿ ನಾಲ್ವರು ಸೇನೆ ಕಟ್ಟುವ ಕಥೆ ಅದು. ಪಡೆಯೊಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಕ್ರಮವನ್ನು ಅದು ಓದುಗರ ಕಣ್ಣೆದುರಿಗೇ ಮಾಡಿ ತೋರಿಸಿತು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 2005ರಲ್ಲಿ ಬಂದ ಓಗರ್ ಸೇನೆ ಬೇರೆಯೇ ದಾರಿ ತೆರೆಯಿತು: ದೈತ್ಯ ಗಾತ್ರದ ಕೆಲವೇ ಗೊಂಬೆಗಳಿಂದ ಸೇನೆ ಪೂರ್ತಿಯಾಗುತ್ತಿತ್ತು.

2015ರಲ್ಲಿ ಹಳೆಯ ಆಟದ ಜಾಗಕ್ಕೆ 'ಏಜ್ ಆಫ್ ಸಿಗ್ಮಾರ್' ಬಂದಾಗ ಆ ದಾರಿಯೇ ಹೆದ್ದಾರಿಯಾಯಿತು. ನಿಯಮ ನಾಲ್ಕೇ ಪುಟ, ಅದೂ ಉಚಿತ. ಚಿನ್ನದ ಕವಚದ ಸ್ಟಾರ್ಮ್‌ಕಾಸ್ಟ್ ಎಟರ್ನಲ್ಸ್ ಸೇನೆಯಲ್ಲಿ ಗೊಂಬೆಗಳು ಕಡಿಮೆ, ಗಾತ್ರ ದೊಡ್ಡದು, ಒಬ್ಬೊಬ್ಬ ಯೋಧನೂ ಗಟ್ಟಿಗ. 2018, 2021, 2024ರ ಪೆಟ್ಟಿಗೆಗಳಲ್ಲೂ ಒಂದು ಬದಿಗೆ ಇದೇ ಸೇನೆ. ಆದರೆ 2015ರಲ್ಲಿ ಗೊಂಬೆಗಳ ಬಲವನ್ನು ತೂಗುವ ಅಂಕಗಳೇ ಇರಲಿಲ್ಲ. ಎರಡು ಸೇನೆ ಸಮಬಲವೇ ಎಂದು ತೂಗುವ ಅನುಭವವಿಲ್ಲದ ಹೊಸಬರನ್ನೇ ಅದು ಹೆಚ್ಚು ಕಾಡಿತು. 2016ರ 'ಜನರಲ್ಸ್ ಹ್ಯಾಂಡ್‌ಬುಕ್' ಅಂಕಗಳನ್ನು ಮರಳಿ ತಂದಿತು. 2019ರಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳು ಒಂದೇ ಬಳಿತದಲ್ಲಿ ನೆರಳು ಬೆಳಕು ಎರಡನ್ನೂ ಮೂಡಿಸಿ, ದೊಡ್ಡ ಸಂಖ್ಯೆಯ ಸೇನೆಗಳ ಭಾರವನ್ನೂ ಇಳಿಸಿದವು.

ಕೊಂಡ ಸೇನೆ ಬಾಳಿಕೆ ಬರುತ್ತದೆಯೇ ಎಂಬ ಆತಂಕ ಇತ್ತೀಚಿನದು. ಬ್ರೆಟೊನಿಯ ಮತ್ತು ಅಸ್ಥಿಪಂಜರಗಳ ಸೇನೆಯಾದ ಟೂಂಬ್ ಕಿಂಗ್ಸ್ ಗೊಂಬೆಗಳು ಹೊಸ ಆಟ ಬಂದ ಮೇಲೆ ಮಾರಾಟದಿಂದ ಮರೆಯಾದವು. 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಆಟ ಶುರುವಾದಾಗ ಅವೇ ಎರಡು ಅದರ ಮೊದಲ ಪೆಟ್ಟಿಗೆಗಳಾಗಿ ಮರಳಿದವು. ಅದೇ ಆಟದಲ್ಲಿ ಸ್ಕೇವನ್‌ಗೆ ಸಿಕ್ಕಿದ್ದು ಉಚಿತ ಸೇನಾಪಟ್ಟಿಯೊಂದೇ. ಆದರೆ ಅದೇ ವರ್ಷ ಏಜ್ ಆಫ್ ಸಿಗ್ಮಾರ್‌ನ ನಾಲ್ಕನೇ ಆವೃತ್ತಿಯ 'ಸ್ಕೇವನ್‌ಟೈಡ್' ಪೆಟ್ಟಿಗೆಯಲ್ಲಿ ಸ್ಟಾರ್ಮ್‌ಕಾಸ್ಟ್‌ಗೆ ಎದುರಾಳಿಯಾಗಿ ಬಂದದ್ದು ಸ್ಕೇವನ್. ಆ ಆವೃತ್ತಿಯ 'ಸ್ಪಿಯರ್‌ಹೆಡ್' ಎಂಬ ಕಿರು ಆಟದಲ್ಲಿ ಒಂದು ಪೆಟ್ಟಿಗೆಯ ಗೊಂಬೆಗಳೇ ಒಂದು ಸೇನೆ. ಅಂಕ ಲೆಕ್ಕ ಹಾಕಿ ಪಟ್ಟಿ ಬರೆಯುವ ಕೆಲಸವಿಲ್ಲ. 30 ಇಂಚು ಉದ್ದ, 22 ಇಂಚು ಅಗಲದ ಹಲಗೆಯಷ್ಟು ಜಾಗ ಸಾಕು.