ಮಕ್ಕಳಲ್ಲಿ ವೆಂಟಿಲೇಟರ್ ವಿಮೋಚನೆ

ಮಕ್ಕಳಲ್ಲಿ ವೆಂಟಿಲೇಟರ್ ವಿಮೋಚನೆ ಎಂದರೆ ತೀವ್ರ ಅಸ್ವಸ್ಥತೆಯಿಂದಾಗಿ ಕೃತಕ ಉಸಿರಾಟದ ಯಂತ್ರವನ್ನು (ವೆಂಟಿಲೇಟರ್) ಅವಲಂಬಿಸಿರುವ ಮಗುವನ್ನು ಯಂತ್ರದಿಂದ ಬಿಡಿಸಿ ಸ್ವಂತ ಉಸಿರಾಟಕ್ಕೆ ಮರಳಿಸುವ ಪ್ರಕ್ರಿಯೆ. ಇದರಲ್ಲಿ ಎರಡು ಪ್ರತ್ಯೇಕ ಪ್ರಶ್ನೆಗಳಿವೆ. ಮಗು ಯಂತ್ರದ ನೆರವಿಲ್ಲದೆ ಉಸಿರಾಡಬಲ್ಲದೇ ಎಂಬುದು ಮೊದಲನೆಯದು. ಶ್ವಾಸನಾಳದಲ್ಲಿರುವ ನಳಿಕೆಯನ್ನು ತೆಗೆದ ಮೇಲೆ ಉಸಿರಿನ ದಾರಿ ತೆರೆದೇ ಉಳಿಯುವುದೇ ಎಂಬುದು ಎರಡನೆಯದು. ನಳಿಕೆ ತೆಗೆದ 48 ಗಂಟೆಗಳೊಳಗೆ ಅದನ್ನು ಮರಳಿ ಹಾಕಬೇಕಾಗಿ ಬಂದರೆ ಸಾಮಾನ್ಯವಾಗಿ ವಿಮೋಚನೆ ವಿಫಲವಾಯಿತೆಂದು ಪರಿಗಣಿಸಲಾಗುತ್ತದೆ.

ಮಹತ್ವ

ಯಂತ್ರದ ಮೇಲೆ ಕಳೆಯುವ ಪ್ರತಿ ದಿನವೂ ಅಪಾಯವನ್ನು ಹೆಚ್ಚಿಸುತ್ತದೆ. ಶ್ವಾಸಕೋಶದ ಸೋಂಕು, ಶ್ವಾಸನಾಳದ ಗಾಯ, ಮಂಪರು ಔಷಧಿಗಳ ಮೇಲಿನ ಅವಲಂಬನೆ ಹಾಗೂ ವಪೆಯ ಸ್ನಾಯುವಿನ ಕ್ಷೀಣತೆ ಇವುಗಳಲ್ಲಿ ಮುಖ್ಯವಾದವು. ಅವಧಿಗೆ ಮುನ್ನವೇ ನಳಿಕೆ ತೆಗೆದರೆ ಮಗು ಬಳಲಿ, ತುರ್ತಾಗಿ ಮರಳಿ ನಳಿಕೆ ಹಾಕಬೇಕಾಗುತ್ತದೆ. ಹಾಗೆ ಮರಳಿ ನಳಿಕೆ ಹಾಕಿಸಿಕೊಂಡ ಮಕ್ಕಳು ಆಸ್ಪತ್ರೆಯಲ್ಲಿ ಹೆಚ್ಚು ಕಾಲ ಉಳಿಯುತ್ತಾರೆ. ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು. ಹಾಸಿಗೆಗಳು ಕಡಿಮೆ ಇರುವ ಘಟಕಗಳಲ್ಲಿ ಅನಗತ್ಯ ವಿಳಂಬವು ಕಾಯುತ್ತಿರುವ ಮತ್ತೊಂದು ಮಗುವಿನ ಮೇಲೂ ಪರಿಣಾಮ ಬೀರುತ್ತದೆ.

ಇತಿಹಾಸ

1928ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪೋಲಿಯೊ ಪೀಡಿತ ಬಾಲಕಿಯೊಬ್ಬಳಿಗೆ 'ಕಬ್ಬಿಣದ ಶ್ವಾಸಕೋಶ'ವನ್ನು ಬಳಸಲಾಯಿತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ವ್ಯಾಪಕವಾಗಿ ಹರಡಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಬಾಲಕಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ನಳಿಕೆಯ ಮೂಲಕ ಕೈಯಿಂದ ಗಾಳಿ ನೀಡಿದರು. ನೂರಾರು ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳಿಗೆ ಹೀಗೆ ಉಸಿರು ನೀಡಿದರು. ಆಧುನಿಕ ತೀವ್ರ ನಿಗಾ ಘಟಕದ ಆರಂಭವನ್ನು ಈ ಘಟನೆಯಲ್ಲಿ ಗುರುತಿಸಲಾಗುತ್ತದೆ.

ಮಕ್ಕಳ ದೇಹರಚನೆ

ಶಿಶುವಿನ ಶ್ವಾಸನಾಳ ಕಿರಿದು. 4 ಮಿ.ಮೀ. ವ್ಯಾಸದ ನಾಳದ ಒಳಗೋಡೆಯು ಸುತ್ತಲೂ 1 ಮಿ.ಮೀ. ಊದಿಕೊಂಡರೆ ಗಾಳಿಯ ದಾರಿ ಕಾಲುಭಾಗಕ್ಕೆ ಇಳಿಯುತ್ತದೆ. ಸರಾಗ ಹರಿವಿನಲ್ಲಿ ಪ್ರತಿರೋಧ 16 ಪಟ್ಟಾಗುತ್ತದೆ. ಶಿಶುವಿನ ಎದೆಗೂಡು ಮೃದುವಾಗಿರುವುದರಿಂದ ಬಲವಾಗಿ ಉಸಿರೆಳೆದಾಗ ಅದು ಒಳಕ್ಕೆ ಕುಸಿಯುತ್ತದೆ. ವಪೆಯೂ ಬೇಗ ದಣಿಯುತ್ತದೆ. ಆದ್ದರಿಂದ ವಯಸ್ಕರಿಗಾಗಿ ರೂಪಿಸಿದ ಸೂಚ್ಯಂಕಗಳು ಮಕ್ಕಳಿಗೆ ಹಾಗೆಯೇ ಅನ್ವಯಿಸುವುದಿಲ್ಲ.

ಸಿದ್ಧತೆಯ ಮೌಲ್ಯಮಾಪನ

ಯಂತ್ರದ ಅಗತ್ಯವನ್ನು ಉಂಟುಮಾಡಿದ ಕಾಯಿಲೆ ಇಳಿಮುಖವಾಗಿದೆಯೇ ಎಂಬುದನ್ನು ಪ್ರತಿದಿನ ಪರಿಶೀಲಿಸಲಾಗುತ್ತದೆ. ಸಾಮಾನ್ಯವಾಗಿ ನೋಡುವ ಅಂಶಗಳು ಇವು:

• ಕಡಿಮೆ ಒತ್ತಡ ಹಾಗೂ ಸುಮಾರು ಶೇ. 40-50ರೊಳಗಿನ ಆಮ್ಲಜನಕದಲ್ಲಿ ರಕ್ತದ ಆಮ್ಲಜನಕ ಮಟ್ಟ ಸಮರ್ಪಕವಾಗಿರುವುದು
• ರಕ್ತಪರಿಚಲನೆ ಸ್ಥಿರವಾಗಿರುವುದು
• ಮಗು ಎಚ್ಚರವಾಗಿದ್ದು, ತಾನಾಗಿ ಉಸಿರೆಳೆಯುವುದು
• ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿ
• ದೇಹದಲ್ಲಿ ಹೆಚ್ಚುವರಿ ದ್ರವ ಉಳಿದಿಲ್ಲದಿರುವುದು

ಇವು ತೃಪ್ತಿಕರವಾಗಿದ್ದರೆ ಸ್ವಯಂ ಉಸಿರಾಟ ಪರೀಕ್ಷೆ ನಡೆಸಲಾಗುತ್ತದೆ. ನಳಿಕೆ ಗಂಟಲಿನಲ್ಲಿರುವಾಗಲೇ ಯಂತ್ರದ ನೆರವನ್ನು ಕನಿಷ್ಠಕ್ಕೆ ಇಳಿಸಿ, 30 ನಿಮಿಷಗಳಿಂದ 2 ಗಂಟೆಗಳವರೆಗೆ ಮಗುವನ್ನು ಗಮನಿಸಲಾಗುತ್ತದೆ. ಉಸಿರಾಟದ ವೇಗ ವಯಸ್ಸಿಗೆ ಮೀರಿ ಏರುವುದು, ಪಕ್ಕೆಲುಬುಗಳ ನಡುವಿನ ಭಾಗ ಒಳಕ್ಕೆ ಸೆಳೆಯುವುದು, ಬೆವರುವುದು ಮತ್ತು ಆಮ್ಲಜನಕ ಮಟ್ಟ ಇಳಿಯುವುದು ವೈಫಲ್ಯದ ಲಕ್ಷಣಗಳು. ನಳಿಕೆ ಕಿರಿದೆಂಬ ಕಾರಣಕ್ಕೆ ಪರೀಕ್ಷೆಯ ವೇಳೆ ಹೆಚ್ಚುವರಿ ಒತ್ತಡದ ನೆರವು ನೀಡಿದರೆ, ನಳಿಕೆ ತೆಗೆದ ನಂತರ ಮಗು ಪಡಬೇಕಾದ ಶ್ರಮವನ್ನು ಕಡಿಮೆಯೆಂದು ಅಂದಾಜಿಸುವ ಸಾಧ್ಯತೆಯಿದೆ.

ಸ್ನಾಯುಬಲವನ್ನು ಅಳೆಯಲು ನಳಿಕೆಯನ್ನು ಕ್ಷಣಕಾಲ ಮುಚ್ಚಿ, ಮಗು ಉಸಿರೆಳೆಯುವ ಗರಿಷ್ಠ ಒತ್ತಡವನ್ನು ದಾಖಲಿಸಬಹುದು. ಅದು 30 ಸೆಂ.ಮೀ. ನೀರಿನ ಒತ್ತಡ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೈಫಲ್ಯದ ಸಂಭವ ಹೆಚ್ಚು. ನಳಿಕೆಯ ಸುತ್ತ ಗಾಳಿ ಸೋರುತ್ತಿದೆಯೇ ಎಂದು ನೋಡುವ ಪರೀಕ್ಷೆಯು ಧ್ವನಿಪೆಟ್ಟಿಗೆಯ ಭಾಗದ ಊತದ ಬಗ್ಗೆ ಸುಳಿವು ನೀಡುತ್ತದೆ. ಊತದ ಅಪಾಯ ಹೆಚ್ಚಿರುವ ಮಕ್ಕಳಿಗೆ ನಳಿಕೆ ತೆಗೆಯುವ ಕನಿಷ್ಠ 6 ಗಂಟೆ ಮುನ್ನ ಡೆಕ್ಸಾಮೆಥಾಸೋನ್ ಆರಂಭಿಸಲಾಗುತ್ತದೆ.

ಕರ್ನಾಟಕದ ಸಂದರ್ಭ

ತುಮಕೂರಿನಂತಹ ಕೃಷಿಪ್ರಧಾನ ಜಿಲ್ಲೆಗಳಲ್ಲಿ ನ್ಯುಮೋನಿಯಾ, ಡೆಂಗಿಗಳ ಜೊತೆಗೆ ಹಾವಿನ ಕಡಿತ ಮತ್ತು ಕೀಟನಾಶಕ ಸೇವನೆಯೂ ಮಗು ಯಂತ್ರದ ನೆರವು ಪಡೆಯಲು ಕಾರಣವಾಗಬಹುದು. ಉಪ್ಪಾರಹಳ್ಳಿ ಎಂಬ ಹೆಸರು ತುಮಕೂರು ನಗರದಲ್ಲಿ ಇದೆ. ಇಲ್ಲಿಂದ ಬೆಂಗಳೂರು ಸುಮಾರು 70 ಕಿ.ಮೀ. ದೂರದಲ್ಲಿದೆ. ಅಲ್ಲಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ವಾಣಿ ವಿಲಾಸ ಆಸ್ಪತ್ರೆ ಮಕ್ಕಳ ಚಿಕಿತ್ಸೆಗೆ ಹೆಸರಾದ ಸರ್ಕಾರಿ ವಲಯದ ಸಂಸ್ಥೆಗಳು.

ಕಾಯಿಲೆಗೆ ತಕ್ಕಂತೆ ನಿರ್ಣಯವೂ ಬದಲಾಗುತ್ತದೆ. ಕಟ್ಟುಹಾವಿನ ವಿಷವು ನರದ ತುದಿಗಳನ್ನು ಹಾನಿಗೊಳಿಸುವುದರಿಂದ ಪ್ರತಿವಿಷ ನೀಡಿದರೂ ಚೇತರಿಕೆಗೆ ದಿನಗಳು ಬೇಕಾಗಬಹುದು. ಕಣ್ಣಪಾಪೆ ಹಿಗ್ಗಿ, ಕೈಕಾಲು ಅಲುಗದೆ, ಮಗು ಮಿದುಳು ಸಾವಿಗೀಡಾದಂತೆ ಕಾಣಬಹುದು. ಆದರೆ ಅದಕ್ಕೆ ಪ್ರಜ್ಞೆ ಇರುವ ಸಾಧ್ಯತೆಯಿದೆ. ಇಂತಹ ಸ್ಥಿತಿಯಲ್ಲಿ ಯಂತ್ರದ ನೆರವನ್ನು ಮುಂದುವರಿಸಿದರೆ ಅನೇಕರು ಪೂರ್ಣವಾಗಿ ಗುಣಮುಖರಾಗುತ್ತಾರೆ. ಆರ್ಗನೋಫಾಸ್ಫರಸ್ ಕೀಟನಾಶಕದ ವಿಷಪ್ರಾಶನದಲ್ಲಿ ಆರಂಭಿಕ ಲಕ್ಷಣಗಳು ತಗ್ಗಿದ ಮೇಲೂ 24ರಿಂದ 96 ಗಂಟೆಗಳ ನಡುವೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ದುರ್ಬಲಗೊಳ್ಳಬಹುದು. ಆದ್ದರಿಂದ ಮಗು ದಿಂಬಿನಿಂದ ತಲೆ ಎತ್ತಬಲ್ಲದೇ ಎಂಬ ಸರಳ ಪರೀಕ್ಷೆ ಉಪಯುಕ್ತ. ಡೆಂಗಿಯಲ್ಲಿ ಶ್ವಾಸಕೋಶದ ಸುತ್ತ ಸಂಗ್ರಹವಾದ ದ್ರವ ಕಡಿಮೆಯಾಗುವವರೆಗೆ ಕಾಯಬೇಕಾಗಬಹುದು.

ಸಂಶೋಧನೆ

2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವು, ಯಂತ್ರದ ನೆರವನ್ನು ಹಂತಹಂತವಾಗಿ ಇಳಿಸುವ ಲಿಖಿತ ನಿಯಮಾವಳಿಗಳಿಂದ ಮಕ್ಕಳಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ ಎಂದಿತು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಸ್ಯಾಂಡ್‌ವಿಚ್' ಪ್ರಯೋಗದಲ್ಲಿ 18 ಘಟಕಗಳ 8,800ಕ್ಕೂ ಹೆಚ್ಚು ಮಕ್ಕಳಿದ್ದರು. ದಾದಿಯರೂ ಸೇರಿ ಮಂಪರಿನ ಪ್ರಮಾಣವನ್ನೂ ಸಿದ್ಧತೆಯನ್ನೂ ನಿತ್ಯ ಪರಿಶೀಲಿಸಿದಾಗ ಯಂತ್ರದ ಅವಧಿ ಸುಮಾರು 6 ಗಂಟೆಗಳಷ್ಟು ತಗ್ಗಿತು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಒಂದೇ ಅಳತೆಯನ್ನು ನಂಬದೆ, ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಕ್ರಮಬದ್ಧವಾಗಿ ನಡೆಸಲು ಸೂಚಿಸುತ್ತದೆ.

ನಳಿಕೆ ತೆಗೆದ ನಂತರ

ಮೊದಲ ಗಂಟೆಗಳಲ್ಲಿ ಉಸಿರೆಳೆದಾಗ ಕೇಳಿಬರುವ ಕರ್ಕಶ ಸದ್ದು, ಬಳಲಿಕೆ ಮತ್ತು ಕಫ ಕಟ್ಟುವಿಕೆಯನ್ನು ಗಮನಿಸಲಾಗುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂಗಿನ ಮೂಲಕ ಅಧಿಕ ಹರಿವಿನ ಆಮ್ಲಜನಕ ಅಥವಾ ಮುಖವಾಡದ ಮೂಲಕ ನಿರಂತರ ಒತ್ತಡದ ನೆರವು ನೀಡಲಾಗುತ್ತದೆ. ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಗುವೂ ಕೆಲವೊಮ್ಮೆ ವಿಫಲವಾಗುವುದರಿಂದ, ಮರಳಿ ನಳಿಕೆ ಹಾಕುವ ಸಿದ್ಧತೆಯೂ ಈ ಪ್ರಕ್ರಿಯೆಯ ಭಾಗವೇ ಆಗಿದೆ.