ಚಿಂತೆಯ ಹೆಸರಿನ ಪಡೆ

ವಿಶೇಷ ಪಡೆಯ ಸೈನಿಕನೆಂದರೆ ಹುಟ್ಟುಸಾಹಸಿ ಎಂಬ ನಂಬಿಕೆಯನ್ನು ಎರಡನೇ ಮಹಾಯುದ್ಧದ ಚಿಂಡಿಟ್ ಪಡೆಯ ಇತಿಹಾಸ ಒಪ್ಪುವುದಿಲ್ಲ. ಬರ್ಮಾದ ಪಗೋಡಗಳ ಬಾಗಿಲು ಕಾಯುವ ಸಿಂಹಕ್ಕೆ ಅಲ್ಲಿ 'ಚಿಂತೆ' ಎನ್ನುತ್ತಾರೆ. ಪಡೆಯ ಹೆಸರು ಅದರಿಂದಲೇ ಬಂತು. ಕನ್ನಡದ ಕಿವಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್ ಕಟ್ಟಿದ ಈ 77ನೇ ಭಾರತೀಯ ಬ್ರಿಗೇಡು 1943ರ ಫೆಬ್ರವರಿಯಲ್ಲಿ ಚಿಂದ್ವಿನ್ ನದಿ ದಾಟಿ, ಜಪಾನೀಯರ ಕೈಲಿದ್ದ ಬರ್ಮಾದೊಳಕ್ಕೆ ನಡೆಯಿತು. ಅದರಲ್ಲಿ ಗೂರ್ಖರಿದ್ದರು, ಬರ್ಮಾ ರೈಫಲ್ಸಿನ ಯೋಧರಿದ್ದರು. ಬ್ರಿಟಿಷರಲ್ಲಿ ಹೆಚ್ಚಿನವರು ಕಿಂಗ್ಸ್ ರೆಜಿಮೆಂಟಿನ 13ನೇ ಬೆಟಾಲಿಯನ್ನಿನವರು: ಇಂಗ್ಲೆಂಡಿನ ಕರಾವಳಿ ಕಾಯಲೆಂದು ಸೇರಿಸಿಕೊಂಡಿದ್ದ ಪೇಟೆಯ ಜನ, ಅನೇಕರು ಮೂವತ್ತು ದಾಟಿದ ಸಂಸಾರಸ್ಥರು. ಕೈಲಾಗದವರನ್ನು ಕಳೆದು, ಉಳಿದವರನ್ನು ಮಧ್ಯಪ್ರಾಂತ್ಯದ ಕಾಡುಗಳಲ್ಲಿ ಪಳಗಿಸಿದರು.

ಹಾಗಾದರೆ ವಿಶೇಷವೇನು? ನನ್ನ ಮಟ್ಟಿಗೆ ಅದು ಎದೆಗಾರಿಕೆಗಿಂತ ಹೊರೆ ಮತ್ತು ಅನ್ನದ ಲೆಕ್ಕ. ಸಾಮಾನ್ಯ ಸೇನೆಯ ಬೆನ್ನಿಗೆ ರಸ್ತೆ, ಲಾರಿ, ಅಡುಗೆಮನೆ, ಆಸ್ಪತ್ರೆ ಇರುತ್ತವೆ. ಚಿಂಡಿಟ್ ಸಿಪಾಯಿಗೆ ಇದ್ದದ್ದು ಬೆನ್ನ ಮೇಲೆ 30 ಕಿಲೋ ಮೀರಿದ ಗಂಟು, ವೈರ್‌ಲೆಸ್ಸು ಮದ್ದುಗುಂಡು ಹೊರುವ ಹೇಸರಗತ್ತೆ, ವಿಮಾನದಿಂದ ಬೀಳುವ ಚೀಲ. ದಿನಕ್ಕೆ ಒಂದು ಡಜನ್ ಗಟ್ಟಿ ಬಿಸ್ಕತ್ತು, ಚೂರು ಚೀಸ್, ದ್ರಾಕ್ಷಿ-ಬಾದಾಮಿ, ಚಹಾ, 20 ಸಿಗರೇಟು. (ಸಿಗರೇಟಿನ ವಿಷಯದಲ್ಲಿ ಮಾತ್ರ ಧಾರಾಳ.) ಕೆಲವೇ ದಿನಗಳಿಗೆ ಸಾಕೆಂದು ರೂಪಿಸಿದ ಈ ಆಹಾರದಲ್ಲಿ, ಅದೂ ಅರೆಬರೆ ಸಿಕ್ಕಾಗ, ಅವರು ವಾರಗಟ್ಟಲೆ ನಡೆದರು. ವೈರ್‌ಲೆಸ್ ಹೊತ್ತ ಪ್ರಾಣಿ ಹೊಳೆಪಾಲಾದರೆ ವಿಮಾನ ಕರೆಯಲಾಗದೆ ತುಕಡಿಯ ಊಟವೂ ಹೊಳೆಪಾಲು. ಹೇಸರಗತ್ತೆಗಳನ್ನೇ ಕೊಂದು ತಿಂದ ದಿನಗಳೂ ಬಂದವು. ನಡೆಯಲಾರದ ಗಾಯಾಳುವನ್ನು ಬಿಟ್ಟು ಮುಂದೆ ಸಾಗಬೇಕಿತ್ತು. ಒಳಹೋದ ಸುಮಾರು 3,000 ಮಂದಿಯಲ್ಲಿ ಮರಳಿದವರು 2,182. ಅವರಲ್ಲೂ 600ರಷ್ಟು ಜನ ಮತ್ತೆ ಯುದ್ಧಕ್ಕೆ ಒದಗಲಿಲ್ಲ.

ಸಾಧನೆಯನ್ನು ಬದಿಗಿಟ್ಟು ಸಂಕಟವನ್ನಷ್ಟೇ ಎಣಿಸುವುದು ಸರಿಯೇ ಎಂದು ಕೇಳಬಹುದು. ಚಿಂಡಿಟರು ಬರ್ಮಾದ ರೈಲುಹಳಿಯನ್ನು 70ಕ್ಕೂ ಹೆಚ್ಚು ಕಡೆ ಕಡಿದದ್ದು ನಿಜ. ಆದರೆ ಜಪಾನೀಯರು ಅದನ್ನು ಕೆಲವೇ ವಾರಗಳಲ್ಲಿ ಸರಿಪಡಿಸಿಕೊಂಡರು. ಸೋತು ಸುಣ್ಣವಾಗಿದ್ದ ಸೇನೆಗೆ ಹುರುಪು ಬಂತೆಂಬ ವಾದ ಗಟ್ಟಿಯಾದದ್ದು, ಅದನ್ನು ನಾನು ಅಲ್ಲಗಳೆಯಲಾರೆ. ಗಡಿಯ ಬೆಟ್ಟಕಾಡನ್ನು ದಾಟಬಹುದೆಂದು ಚಿಂಡಿಟರನ್ನು ನೋಡಿ ಕಲಿತ ಜಪಾನಿ ಸೇನಾನಿ ಮುತಾಗುಚಿ 1944ರಲ್ಲಿ ಇಂಫಾಲದ ಮೇಲೆ ಬಂದು ಕೆಟ್ಟನಲ್ಲ, ಅದೂ ಲಾಭವಲ್ಲವೇ ಎನ್ನುವವರಿದ್ದಾರೆ. ಎದುರಾಳಿಯ ಎಡವಟ್ಟು ವಿಂಗೇಟನ ಯೋಜನೆಯಾಗದು. ಆದರೆ ಆ ಎಡವಟ್ಟೇ ನನ್ನ ಮಾತಿಗೆ ಸಾಕ್ಷಿ: ಮುತಾಗುಚಿ ನಡಿಗೆಯನ್ನು ಕಲಿತ, ಆಕಾಶದಿಂದ ಬೀಳುವ ಚೀಲವನ್ನು ಕಲಿಯಲಿಲ್ಲ, ಅವನ ಸೇನೆ ಬಹುಪಾಲು ಹಸಿವು, ಕಾಯಿಲೆಗಳಲ್ಲೇ ಕರಗಿತು. ಇಂಥ ಆಯ್ದ ಪಡೆಗಳೇ ದಂಡ, ಚೆನ್ನಾಗಿ ಪಳಗಿದ ಯಾವ ಕಾಲಾಳೂ ಈ ಕೆಲಸ ಮಾಡಬಲ್ಲ ಎಂಬುದು ಬ್ರಿಟಿಷ್ ದಂಡನಾಯಕ ವಿಲಿಯಂ ಸ್ಲಿಂನ ಅಭಿಪ್ರಾಯ. 13ನೇ ಬೆಟಾಲಿಯನ್ನೇ ಅದಕ್ಕೆ ಪುರಾವೆ. 1944ರಲ್ಲಿ ಚಿಂಡಿಟರು ಮತ್ತೆ ಬರ್ಮಾಕ್ಕೆ ಹೋದಾಗ ಒಂದು ಬ್ರಿಗೇಡು ಮಾತ್ರ ನಡೆದು ಹೋಯಿತು, ಉಳಿದವರಲ್ಲಿ ಹೆಚ್ಚಿನವರು ಗ್ಲೈಡರು, ಡಕೋಟ ವಿಮಾನಗಳಲ್ಲಿ ಇಳಿದರು. ಹೇಸರಗತ್ತೆಗಳೂ ವಿಮಾನ ಹತ್ತಿದವು. ಅರಚಿ ಸುಳಿವು ಕೊಡದಂತೆ ಅವುಗಳ ಗಂಟಲಿನ ತಂತುಗಳನ್ನು ಮೊದಲೇ ಕತ್ತರಿಸಿದ್ದರು.