ಮಾರ್ಟಿನ್ 0-15: ಮಹಾಗನಿ ಗಿಟಾರ್
ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್ ಪಟ್ಟಣದ ಮಾರ್ಟಿನ್ ಕಂಪನಿ 1940ರಿಂದ ಸುಮಾರು ಎರಡು ದಶಕ ತಯಾರಿಸಿದ ಅಗ್ಗದ ಮಾದರಿ. ಮಹಾಗನಿ ಮುಖಹಲಗೆಯ ಗಿಟಾರ್‌ಗಳನ್ನು ಕಂಪನಿ 1922ರಿಂದಲೇ ಉಕ್ಕಿನ ತಂತಿಗಳಿಗೆಂದು ರೂಪಿಸತೊಡಗಿತ್ತು.

ರಚನೆ
ಸಾಮಾನ್ಯವಾಗಿ ಗಿಟಾರಿನ ಮುಖಹಲಗೆ ಸ್ಪ್ರೂಸ್ ಮರದ್ದು. ಇಲ್ಲಿ ಮುಖ, ಬೆನ್ನು, ಪಕ್ಕೆ, ಕುತ್ತಿಗೆ ಎಲ್ಲವೂ ಮಹಾಗನಿ. ಬೆರಳುಹಲಗೆ ಮತ್ತು ಕುದುರೆ ಬೀಟೆ ಜಾತಿಯ ಮರದವು. ಒಡಲಿನ ಅತಿ ಹೆಚ್ಚಿನ ಅಗಲ ಹದಿಮೂರೂವರೆ ಅಂಗುಲ. ಕುತ್ತಿಗೆ ಒಡಲನ್ನು ಸೇರುವುದು 14ನೇ ಫ್ರೆಟ್‌ನಲ್ಲಿ. ಮುಖಹಲಗೆಯ ಒಳಮೈಗೆ ಕತ್ತರಿಯಾಕಾರದಲ್ಲಿ ಅಂಟಿಸಿದ ಸ್ಪ್ರೂಸ್ ಪಟ್ಟಿಗಳು ತಂತಿಗಳ ಸೆಳೆತವನ್ನು ತಡೆದುಕೊಳ್ಳುತ್ತವೆ. ಅಂಚಿಗೆ ಅಲಂಕಾರದ ಪಟ್ಟಿ ಇಲ್ಲ. ಹಾಗಾಗಿ ಎರಡು ಹಲಗೆಗಳು ಕೂಡುವ ಗೆರೆ ಬರಿಗಣ್ಣಿಗೇ ಕಾಣುತ್ತದೆ.

ನಾದ
ತೂಕಕ್ಕೆ ಹೋಲಿಸಿದರೆ ಮಹಾಗನಿಯ ಬಿಗಿತ ಸ್ಪ್ರೂಸ್‌ಗಿಂತ ಕಡಿಮೆ. ಆದ್ದರಿಂದ ಮೇಲಿನ ಅನುಸ್ವರಗಳು ಮಂಕಾಗಿ, ಮೂಲಸ್ವರ ಮುಂದೆ ನಿಲ್ಲುತ್ತದೆ. ಚಿಕ್ಕ ಒಡಲಿನಿಂದಾಗಿ ಮಂದ್ರದ ಗುಡುಗು ಕಡಿಮೆ. ಮಧ್ಯಸ್ಥಾಯಿ ತುಂಬಿಕೊಂಡ, ಒಣಗಿದ ಮರ ತಟ್ಟಿದಂತಹ ಬೆಚ್ಚನೆಯ ದನಿ ಇದರದು. ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುವುದರಿಂದ ಬೆರಳಿನಿಂದ ಮೀಟುವ ಬ್ಲೂಸ್ ವಾದನಕ್ಕೂ ಹಾಡಿನ ಜೊತೆಗೂ ಇದು ಚೆನ್ನಾಗಿ ಒಪ್ಪುತ್ತದೆ.